ಅಕ್ಕನ ಉಗುರು ವಾಸಿಯಾದ ವರ್ಷ

ನಮ್ಮಕ್ಕ ಜೀವಮಾನದಲ್ಲಿ ಬೀಡಿ ಸಿಗರೇಟು ಮುಟ್ಟಿದವಳಲ್ಲ. ಹಾಗಾಗಿ ಅವಳಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದಾಗ ಊರಿನವರು ಓರೆಗಣ್ಣಿನಿಂದ ನೋಡಿದ್ದು ನಮ್ಮ ಭಾವನನ್ನು. ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಸಣ್ಣ ದೇವಸ್ಥಾನಕ್ಕೆ ಅವರು ಅರ್ಚಕರು. ಭಟ್ಟರು ಪೂಜೆ ಮುಗಿಸಿ ತೋಟದ ಬದಿಯಲ್ಲಿ ಗುಟ್ಟಾಗಿ ಸೇದುತ್ತಾರೇನೋ, ಆ ಹೊಗೆಯೇ ಪಾಪ ಆ ಹೆಂಗಸಿಗೆ ತಗುಲಿತೇನೋ ಎಂದು ಅಂಗಡಿ ಜಗಲಿಯಲ್ಲಿ ಮಾತಾಯಿತಂತೆ. ಭಾವ ನಶ್ಯದ ಡಬ್ಬಿಯನ್ನೂ ಮುಟ್ಟಿದವರಲ್ಲ. ಆದರೆ ಊರ ಬಾಯಿ ಮುಚ್ಚಲು ಯಾರಿಂದಾದೀತು?

ನಾನು ಅವಳ ತಂಗಿ. ಮಡಿಕೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಎತ್ತರದ ಬಟಾಣಿ ಗಿಡ, ಗಿಡ್ಡ ಬಟಾಣಿ ಗಿಡ ಎಂದು ಅನುವಂಶೀಯತೆಯ ಪಾಠವನ್ನು ಹತ್ತನೆಯ ತರಗತಿಗೆ ಮಾಡಿ ಮಾಡಿ ಬೇಸತ್ತವಳು. ಆ ಪಾಠ ಒಂದು ದಿನ ನಮ್ಮ ಮನೆಗೇ ಬಂದು ಚಾಪೆ ಹಾಸಿಕೊಂಡು ಕೂರುತ್ತದೆ ಎಂದು ಎಣಿಸಿರಲಿಲ್ಲ. ನನಗೆ ಕೋಪ ಬೇಗ ಬರುತ್ತದೆ. ಇದನ್ನು ಬರೆಯುವಾಗಲೂ ಬರುತ್ತಿದೆ. ಯಾರ ಮೇಲೆ ಎಂದು ಕೇಳಿದರೆ ಮಾತ್ರ ಹೇಳುವುದು ಕಷ್ಟ.

ಶುರುವಾದದ್ದು ಕೆಮ್ಮಿನಿಂದ. ಕೊಡಗಿನ ಮಳೆಗಾಲದಲ್ಲಿ ಕೆಮ್ಮದವರು ಯಾರು? ಕರಿಮೆಣಸಿನ ಕಷಾಯ ಆಯಿತು, ಶುಂಠಿ ಜೇನು ಆಯಿತು. ಮಳೆ ನಿಂತಿತು, ಕಾಫಿ ಹಣ್ಣಾಯಿತು, ಕೊಯ್ಲೂ ಮುಗಿಯಿತು, ಕೆಮ್ಮು ಮಾತ್ರ ನಿಲ್ಲಲಿಲ್ಲ. ಸೌದೆ ಒಲೆಯ ಹೊಗೆ ಎಂದುಕೊಂಡು ಭಾವ ಗ್ಯಾಸ್ ಒಲೆ ತಂದಿಟ್ಟರು. ಮಡಿಕೇರಿಯ ಡಾಕ್ಟರು ಕ್ಷಯ ಇರಬಹುದೆಂದು ಕಫ ಪರೀಕ್ಷೆ ಮಾಡಿಸಿ, ಅದಲ್ಲವೆಂದಾದ ಮೇಲೆ ಮೈಸೂರಿಗೆ ಕಳಿಸಿದರು. ಅಲ್ಲಿ ಬೆನ್ನಿನಿಂದ ಸೂಜಿ ಹಾಕಿ ಗಡ್ಡೆಯ ಚೂರು ತೆಗೆದರು. ಅಕ್ಕ ಆ ನೋವಿಗಿಂತ ಹೆಚ್ಚು ಬೈದುಕೊಂಡದ್ದು ಆಸ್ಪತ್ರೆಯ ಕಾಫಿಯನ್ನು.

ಮೈಸೂರಿನ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ರೋಗ ಮೂಳೆಗೂ ಹೋಗಿದೆ, ಆಪರೇಷನ್ನಿನ ಕಾಲ ದಾಟಿದೆ ಎಂದು ಮೊದಲು ಹೇಳಿದರು. ಆಮೇಲೆ, "ಆದರೆ ಒಂದು ಒಳ್ಳೆ ಸುದ್ದಿ ಇದೆ. ಗಡ್ಡೆಯ ಜೀನಿನಲ್ಲಿ ಒಂದು ಮ್ಯುಟೇಶನ್, ಅಂದ್ರೆ ಬದಲಾವಣೆ, ಸಿಕ್ಕಿದೆ. ಸಿಗರೇಟು ಸೇದದ ಹೆಂಗಸರಲ್ಲೂ ಇದನ್ನ ನಾವು ನೋಡ್ತಾ ಇರ್ತೀವಿ. ಇದಕ್ಕೆ ಮಾತ್ರೆ ಇದೆ" ಎಂದರು.

ಮನೆ ಸುಡುವಾಗ ಸದ್ಯ ಗಾಳಿ ಜೋರಿಲ್ಲ ಎಂದು ಸಮಾಧಾನ ಹೇಳಿದ ಹಾಗೆ ಕೇಳಿಸಿತು ನನಗೆ. ಆದರೂ ಸುದ್ದಿ ಒಳ್ಳೆಯದೇ ಇತ್ತು. ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಗಡ್ಡೆಯ ಕೋಶಗಳಲ್ಲಿ ಮಾತ್ರ ಆದ ಬದಲಾವಣೆ, ನನಗಾಗಲಿ ಇನ್ನೊಬ್ಬರಿಗಾಗಲಿ ದಾಟುವಂಥದ್ದಲ್ಲ ಎಂದರು. ಎಷ್ಟು ಕಾಲ ಎಂದು ಕೇಳಿದ್ದು ಭಾವ. ಡಾಕ್ಟರು ಮೇಜಿನ ಮೇಲಿನ ಪೆನ್ನನ್ನು ಸರಿಮಾಡಿಟ್ಟು, "ಮಾತ್ರೆ ಕೆಲಸ ಮಾಡುವಷ್ಟು ಕಾಲ. ಕೆಲವರಿಗೆ ವರ್ಷಗಟ್ಟಲೆ ಕೇಳ್ತದೆ, ಕೆಲವರಿಗೆ ಇಲ್ಲ. ಒಂದಲ್ಲ ಒಂದು ದಿನ ಗಡ್ಡೆ ಇನ್ನೊಂದು ದಾರಿ ಹುಡುಕಿಕೊಳ್ತದೆ. ಅಲ್ಲಿವರೆಗೆ ಒಂದು ದಿನಾನೂ ತಪ್ಪಿಸಬಾರದು" ಎಂದರು.

ವಾಪಸು ಬರುವಾಗ ಕುಶಾಲನಗರದಲ್ಲಿ ಕಾಫಿಗೆ ಇಳಿದೆವು. ಅಕ್ಕ ಲೋಟ ಹಿಡಿದುಕೊಂಡು, "ಏ ಟೀಚರಮ್ಮ, ಆ ಹುಡುಗ ಹೇಳಿದ್ದು ನಂಗೆ ತಲೆಗೆ ಹೋಗ್ಲಿಲ್ಲ. ನೀನು ಹೇಳು" ಎಂದಳು.

"ನಿಮ್ಮನೆ ಪಂಪ್ ಉಂಟಲ್ಲ, ಅದರ ಸ್ವಿಚ್ ಸಿಕ್ಕಿ ಹಾಕಿಕೊಂಡು ಆಫ್ ಆಗದೆ ಹೋದ್ರೆ ಎಂತಾಗ್ತದೆ?"

"ಟ್ಯಾಂಕ್ ತುಂಬಿ ಅಂಗಳ ಎಲ್ಲ ನೀರು."

"ಅಷ್ಟೇ. ಬೆಳೀರಿ ಬೆಳೀರಿ ಅಂತ ಹೇಳೋ ಸ್ವಿಚ್ಚು ಆಫ್ ಆಗ್ತಾ ಇಲ್ಲ. ಮಾತ್ರೆ ಅದನ್ನ ಒತ್ತಿ ಹಿಡೀತದೆ. ಆದ್ರೆ ಆ ಸ್ವಿಚ್ಚು ಚರ್ಮದಲ್ಲೂ ಉಗುರಲ್ಲೂ ಉಂಟು. ಅಲ್ಲಿಯದ್ದನ್ನೂ ಒತ್ತಿ ಹಿಡೀತದೆ. ಮುಖದಲ್ಲಿ ಗುಳ್ಳೆ ಬರಬಹುದು ಅಂದ್ರಲ್ಲ, ಅದಕ್ಕೇ."

ಅಕ್ಕ ಸ್ವಲ್ಪ ಯೋಚನೆ ಮಾಡಿ, "ಹಾಗಾದ್ರೆ ಈ ಮಾತ್ರೆಗೆ ಮಡಿ ಮೈಲಿಗೆ ಗೊತ್ತಿಲ್ಲ ಅನ್ನು. ಎಲ್ಲರನ್ನೂ ಮುಟ್ತದೆ" ಎಂದು ನಕ್ಕಳು. ನಾವೂ ನಕ್ಕೆವು.

ಮಾತ್ರೆ ಕೇಳಿತು. ಅದು ಹೇಗೆ ಕೇಳಿತೆಂದರೆ, ಬಚ್ಚಲಿಗೆ ಹೋಗಿ ಬರಲು ಗೋಡೆ ಹಿಡಿಯುತ್ತಿದ್ದವಳು ತಿಂಗಳೊಪ್ಪತ್ತಿನಲ್ಲಿ ಅಂಗಳ ಗುಡಿಸತೊಡಗಿದಳು. ಕೆಮ್ಮು ಹೋಯಿತು. ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಂತ ಕುಗ್ಗಿತ್ತು. ಭಾವ ದೇವರಿಗೆ ವಿಶೇಷ ಪೂಜೆ ಮಾಡಿದರು. ಮಾತ್ರೆಗೆ ಯಾರೂ ಪೂಜೆ ಮಾಡಲಿಲ್ಲವಲ್ಲ ಎಂದು ನಾನು ಗೊಣಗಿದೆ. ಜತೆಗೆ ಗುಳ್ಳೆಗಳೂ ಬಂದವು. ಮೂಗು, ಗಲ್ಲ, ಎದೆ, ಬೆನ್ನಿನ ತುಂಬ ಕೆಂಪು ಗುಳ್ಳೆ. ಆಮೇಲೆ ಉಗುರು. ಹೆಬ್ಬೆರಳು, ತೋರುಬೆರಳುಗಳ ಉಗುರಿನ ಅಂಚು ಬಾತುಕೊಂಡು, ಸೀಳಿ, ಕೀವು ರಕ್ತ ಒಸರುತ್ತಿತ್ತು. ಡಾಕ್ಟರು ಮುಲಾಮು ಬರೆದುಕೊಟ್ಟು, "ಬೇಜಾರು ಮಾಡ್ಕೋಬೇಡಿ. ಚರ್ಮದಲ್ಲಿ ಹೀಗೆ ಎದ್ದಿದೆ ಅಂದ್ರೆ ಮಾತ್ರೆ ಒಳಗೂ ಕೆಲಸ ಮಾಡ್ತಿದೆ ಅಂತ ನಮಗೆ ಒಂದು ಧೈರ್ಯ" ಎಂದರು. ನನಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಆಮೇಲೆ ಅಕ್ಕನನ್ನು ನೋಡಲು ಹೋದಾಗಲೆಲ್ಲ ಮೊದಲು ಅವಳ ಮುಖದ ಗುಳ್ಳೆ ನೋಡಿ ಸಮಾಧಾನಪಡುತ್ತಿದ್ದೆ.

ಅಕ್ಕನಿಗೆ ಸಮಾಧಾನವಿರಲಿಲ್ಲ. ಮುಖ ಹೇಗಾದರೂ ಇರಲಿ ಎನ್ನುತ್ತಿದ್ದಳು. ಅವಳ ಸಂಕಟವೆಲ್ಲ ಕೈಯದ್ದು. ಆ ದೇವಸ್ಥಾನದಲ್ಲಿ ಬೇರೆ ಅಡುಗೆಮನೆ ಇಲ್ಲ. ದೇವರ ನೈವೇದ್ಯ ಅರ್ಚಕರ ಮನೆಯಲ್ಲೇ ಆಗಿ, ಬಾಳೆಎಲೆ ಮುಚ್ಚಿಕೊಂಡು ಒಳದಾರಿಯಿಂದ ಗುಡಿಗೆ ಹೋಗಬೇಕು. ಮದುವೆಯಾಗಿ ಬಂದಾಗಿನಿಂದ ಅದನ್ನು ಮಾಡುತ್ತಿದ್ದವಳು ಅಕ್ಕ. ಬೆಳಿಗ್ಗೆ ಸ್ನಾನ ಮಾಡಿ, ಮಡಿಸೀರೆ ಸುತ್ತಿಕೊಂಡು, ಯಾರನ್ನೂ ಮುಟ್ಟದೆ ಅನ್ನ ಬೇಯಿಸಬೇಕು. ಗಾಯದ ಕೈ, ಕೀವಿನ ಕೈ ಅದಕ್ಕೆ ಆಗದು. ಇದನ್ನು ಅವಳಿಗೆ ಯಾರೂ ಹೇಳಲಿಲ್ಲ. ಅವಳೇ ಹೇಳಿಕೊಂಡಳು. ಹೇಳಿಕೊಂಡು, ಒಳಗಿನಿಂದ ಎದ್ದು ಬಂದು ಜಗಲಿಯಲ್ಲಿ ಕೂತಳು.

"ಗ್ಲೌಸ್ ಹಾಕಿಕೊಂಡು ಮಾಡು ಮಾರಾಯ್ತಿ" ಎಂದರು ಭಾವ.

"ದೇವರಿಗೆ ರಬ್ಬರ್ ಕೈಯಲ್ಲಾ? ನಿಮ್ಮ ಬುದ್ಧಿಗಿಷ್ಟು!"

ಹಾಗಾಗಿ ನೈವೇದ್ಯ ಭಾವನ ಪಾಲಿಗೆ ಬಂತು. ಮಂತ್ರ ಹೇಳುವುದರಲ್ಲಿ ಅವರದು ಎತ್ತಿದ ಕೈ. ಅನ್ನ ಮಾಡುವುದರಲ್ಲಿ ಇಳಿದ ಕೈ. ತಳ ಸೀದು ಮೇಲೆ ಅಕ್ಕಿ ಉಳಿಯುತ್ತಿತ್ತು. ದೇವರು ಕಲ್ಲಾದ್ದರಿಂದ ಸಹಿಸಿಕೊಂಡ ಎಂದು ನಾನು ಅವರೆದುರೇ ಹೇಳಿದ್ದೇನೆ. ಅವರು ನಕ್ಕುಬಿಟ್ಟರು. ಅಕ್ಕ ನಗಲಿಲ್ಲ. ಜಗಲಿಯಲ್ಲಿ ಕೂತು, ಒಳಗಿನಿಂದ ಬರುವ ಸೀದ ವಾಸನೆಗೆ ಮುಖ ಸಿಂಡರಿಸುತ್ತಿದ್ದಳು.

ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅವಳ ಬೆರಳುಗಳಿಗೆ ಮುಲಾಮು ಹಚ್ಚುತ್ತಿದ್ದೆ. ಆಗ ಅವಳು ಹೇಳಿದಳು. "ನೋಡು, ತಿಂಗಳು ತಿಂಗಳು ಹೊರಗೆ ಕೂತು ಕೂತು ನಂಗೆ ಸಾಕಾಗಿತ್ತು. ಅದು ನಿಂತ ದಿನ ಎಷ್ಟು ಖುಷಿ ಆಯ್ತು ಗೊತ್ತುಂಟಾ? ಇನ್ನು ಸಾಯೋವರೆಗೆ ನನ್ನನ್ನ ಯಾರೂ ಆ ಒಲೆ ಮುಂದಿಂದ ಏಳಿಸೋ ಹಾಗಿಲ್ಲ ಅಂದ್ಕೊಂಡೆ. ಈಗ ನೋಡಿದ್ರೆ ದಿನಾ ಹೊರಗೆ."

"ಬದುಕಿದ್ದೀಯಲ್ಲ" ಎಂದೆ. ಅವಳು ಇನ್ನೊಂದು ಬೆರಳು ಮುಂದೆ ಚಾಚಿದಳು. ನನಗೆ ಆಗ ಅವಳ ಮಾತು ಸಣ್ಣ ದೂರಿನಂತೆ ಕೇಳಿಸಿತ್ತು. ಮಕ್ಕಳಿಲ್ಲದ ಮನೆ, ಮಾತಾಡಲು ಯಾರೂ ಇಲ್ಲ, ಹೊತ್ತು ಹೋಗದೆ ಹೇಳುತ್ತಿದ್ದಾಳೆ ಎಂದುಕೊಂಡೆ.

ಗೌರಿ ಗಣೇಶ ಹಬ್ಬದ ಹೊತ್ತಿಗೆ ನನಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದು ಮನೆಯಲ್ಲಿ ಕೂರಿಸಿದರು. ಫೋನಿನಲ್ಲಿ ಮಾತ್ರ ಮಾತು. ಅಕ್ಕನ ದನಿ ದಿನದಿನಕ್ಕೆ ಗೆಲುವಾಗುತ್ತಿತ್ತು. ಮಹಾಲಯ ಕಳೆದ ಮೇಲೆ ಒಂದು ದಿನ, "ಇವತ್ತು ನಾನೇ ನೈವೇದ್ಯ ಮಾಡ್ದೆ!" ಎಂದಳು. ಕೈ ವಾಸಿಯಾಗಿದೆಯಂತೆ, ಮುಲಾಮು ಹಿಡಿದಿದೆಯಂತೆ. ನವರಾತ್ರಿಯಲ್ಲಿ ಬಗೆಬಗೆಯ ನೈವೇದ್ಯವೆಲ್ಲ ಅವಳದೇ. ನಾನು ಹಿಗ್ಗಿದೆ. ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಕೊಂಡೆ.

ಕಾವೇರಿ ಸಂಕ್ರಮಣದ ಮರುದಿನ ಅವರ ದೇವಸ್ಥಾನದಲ್ಲಿ ತೀರ್ಥ ಹಂಚುತ್ತಾರೆ. ತಲಕಾವೇರಿಯಿಂದ ಜೀಪಿನಲ್ಲಿ ತಂದ ತೀರ್ಥವನ್ನು ದೇವರ ಮುಂದಿಟ್ಟು ಪೂಜೆ ಮಾಡಿ, ಊರವರು ತಂದ ಬಾಟಲಿ ತಂಬಿಗೆಗಳಿಗೆ ಹಾಕಿ ಕೊಡುವುದು. ಇಲ್ಲಿ ಪ್ರತಿ ಮನೆಯಲ್ಲೂ ಅದನ್ನು ವರ್ಷವಿಡೀ ಜೋಪಾನವಾಗಿ ಇಡುತ್ತಾರೆ. ಯಾರಾದರೂ ಸಾಯುವಾಗ ಬಾಯಿಗೆ ಬಿಡಲು ಬೇಕು. ಯಾರೂ ಸಾಯದೆ ವರ್ಷ ಕಳೆದರೆ, ಹೊಸತು ಬಂದ ದಿನ ಹಳೆಯದನ್ನು ತುಳಸಿ ಬುಡಕ್ಕೆ ಸುರಿಯುತ್ತಾರೆ. ಆ ಬೆಳಿಗ್ಗೆ ನಾನು ಹೋಗಿ ಇಳಿದಾಗ ಅವರ ತುಳಸಿ ಕಟ್ಟೆ ಒದ್ದೆಯಾಗಿತ್ತು. ನೋಡಿ, ಕಟ್ಟೆಗೆ ಕೈ ಮುಗಿದು ಮುಂದೆ ನಡೆದೆ.

ಹಿತ್ತಲ ಬಾಗಿಲಿಂದ ಒಳಗೆ ಹೋದೆ. ಅಕ್ಕ ಮಡಿಸೀರೆಯಲ್ಲಿ ಒಲೆಯ ಮುಂದೆ ನಿಂತು ದೊಡ್ಡ ಉರುಳಿಯಲ್ಲಿ ಪಾಯಸ ತಿರುಗಿಸುತ್ತಿದ್ದಳು. ಹೊಸ ಕಣ್ಣಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಮುಖ ತೊಳೆದಿಟ್ಟ ಬೆಳ್ಳಿ ತಟ್ಟೆಯಂತೆ ತಿಳಿಯಾಗಿತ್ತು. ಒಂದು ಗುಳ್ಳೆ ಇಲ್ಲ, ಕಲೆ ಇಲ್ಲ. ಸೌಟು ಹಿಡಿದ ಬೆರಳುಗಳ ಉಗುರು ನುಣ್ಣಗೆ, ಗುಲಾಬಿ ಬಣ್ಣದಲ್ಲಿದ್ದವು.

"ಎಷ್ಟು ಚೆನ್ನಾಗಿ ಕಾಣ್ತೀಯಾ ಅಕ್ಕ" ಎಂದೆ. ಹೇಳಿದ ಮಾತು ಬಾಯಲ್ಲಿರುವಾಗಲೇ ಡಾಕ್ಟರ ಮಾತು ನೆನಪಾಯಿತು. ಚರ್ಮದಲ್ಲಿ ಎದ್ದರೆ ಒಳಗೂ ಕೆಲಸ ಮಾಡುತ್ತಿದೆ ಎಂದು ಧೈರ್ಯ. ಚರ್ಮದಲ್ಲಿ ಏನೂ ಇಲ್ಲದಿದ್ದರೆ?

"ಮಾತ್ರೆ ತಗೊಳ್ತಾ ಇದೀಯಾ?"

ಅವಳು ಸೌಟು ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಪಾಯಸ ತಳ ಹಿಡೀತದೆ, ಆಮೇಲೆ ಮಾತಾಡುವ."

"ಅಕ್ಕ, ಮಾತ್ರೆ!"

"ಹಬ್ಬ ಮುಗೀಲಿ ಅಂತ ನಿಲ್ಸಿದೀನಿ. ಗಣೇಶನ ಹಬ್ಬದಿಂದ. ನಾಳೆಯಿಂದ ತಗೊಳ್ತೀನಿ. ಎಷ್ಟು ಆರಾಮ ಇದೀನಿ ನೋಡು."

ನಾನು ಹೊಸ್ತಿಲು ದಾಟಿ ಅವಳ ಕೈ ಹಿಡಿಯಲು ಹೋದೆ. ಅವಳು ಎರಡೂ ಕೈ ಎದೆಗೆ ಎಳೆದುಕೊಂಡು ಗೋಡೆಗೆ ಆತು ನಿಂತಳು. "ಮುಟ್ಬೇಡ! ನಾನು ಮಡೀಲಿದೀನಿ. ಬಸ್ಸಲ್ಲಿ ಬಂದವಳು ನೀನು, ಮುಟ್ಬೇಡ!"

ನಾನು ನಿಂತೆ. ಅದೇ ನನ್ನನ್ನು ಇವತ್ತಿಗೂ ಕಾಡುವುದು. ಅಷ್ಟು ವರ್ಷ ಹಲಗೆಯ ಮುಂದೆ ನಿಂತು ವಿಜ್ಞಾನ ಹೇಳಿದವಳ ಕಾಲೂ ಆ ಮಾತಿಗೆ ತಾನಾಗಿ ಹೊಸ್ತಿಲಿನಿಂದ ಹಿಂದೆ ಬಂತು. ಹೊರಗೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಕತ್ತೆ ಎಂದೆ, ಹುಚ್ಚಿ ಎಂದೆ, ಸಾಯ್ತೀಯಾ ಎಂದೂ ಅಂದುಬಿಟ್ಟೆ. ಆ ಹೊತ್ತಿಗೆ ನೈವೇದ್ಯ ಒಯ್ಯಲು ಭಾವ ಒಳದಾರಿಯಿಂದ ಬಂದರು. ಅವರಿಗೂ ಗೊತ್ತಿರಲಿಲ್ಲ. ಮುಲಾಮಿನಿಂದ ವಾಸಿಯಾಯಿತು ಎಂದೇ ಅವರೂ ನಂಬಿದ್ದರು. ವಿಷಯ ಕೇಳಿ ಅವರು ಅಲ್ಲೇ, ಅಕ್ಕಿ ಡಬ್ಬದ ಮೇಲೆ ಕೂತುಬಿಟ್ಟರು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಇಟ್ಟಿದ್ರೂ ಆಗ್ತಿತ್ತಲ್ಲ. ದೇವರಿಗೆ ಅಷ್ಟು ಸಾಕಿತ್ತು" ಎಂದರು.

"ದೇವರಿಗೆ ಸಾಕಿತ್ತು. ನಂಗೆ ಸಾಕಾಗ್ತಿರ್ಲಿಲ್ಲ" ಎಂದಳು ಅಕ್ಕ. ಪಾಯಸ ಇಳಿಸಿ, ತುಪ್ಪದಲ್ಲಿ ಹುರಿದ ದ್ರಾಕ್ಷಿ ಗೋಡಂಬಿ ಹಾಕಿ, ಬಾಳೆಎಲೆ ಮುಚ್ಚಿ ಅವರ ಮುಂದಿಟ್ಟಳು. ಅಷ್ಟರಲ್ಲಿ ಒಂದು ಸಲ ಕೆಮ್ಮಿದಳು. ಮುಖ ಆ ಕಡೆ ತಿರುಗಿಸಿ, ಸೆರಗಿನೊಳಗೆ ಕೆಮ್ಮಿದಳು.

ಹೊರಗೆ ಜನ ಬಾಟಲಿ ಹಿಡಿದು ಕಾಯುತ್ತಿದ್ದರು. ಭಾವ ಎದ್ದು ಉರುಳಿ ಹೊತ್ತುಕೊಂಡು ಹೋದರು. ಪಾಯಸ ಬಹಳ ಚೆನ್ನಾಗಿತ್ತು. ನಾನೂ ತಿಂದೆ, ತಿನ್ನದಿದ್ದರೆ ಅವಳು ಸುಮ್ಮನಿರುತ್ತಿರಲಿಲ್ಲ.

ಮೈಸೂರಿನ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವರು ಅಕ್ಕನ ಉಗುರುಗಳನ್ನು ಒಂದೊಂದಾಗಿ ನೋಡಿ, "ಕೈ ನೋವು ಇಷ್ಟೊಂದು ಇದ್ರೆ ನನಗೆ ಹೇಳಬಹುದಿತ್ತಮ್ಮ, ಡೋಸ್ ಇಳಿಸಿ ನೋಡ್ತಿದ್ದೆ" ಎಂದರು. ನೋವಿಗಲ್ಲ ಡಾಕ್ಟ್ರೇ ಎಂದಳು ಅಕ್ಕ. ಅವಳು ಹೇಳಿದ್ದು ನಿಜ. ಆದರೆ ಆಸ್ಪತ್ರೆಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಒಲೆಯ ಮುಂದಿನ ಜಾಗದ ಮಾತು ಬರುವುದಿಲ್ಲ, ಅವಳಾಗಿ ಹೇಳುವವಳೂ ಅಲ್ಲ.

ಸ್ಕ್ಯಾನಿನಲ್ಲಿ ಗಡ್ಡೆ ಮತ್ತೆ ಬೆಳೆದಿತ್ತು. ಮಾತ್ರೆ ಮತ್ತೆ ಶುರುವಾಯಿತು. ನಾನು ಅವರ ಮನೆಯಲ್ಲೇ ಬಿಡಾರ ಹೂಡಿ, ದಿನಾ ಬೆಳಿಗ್ಗೆ ಎದುರು ನಿಂತು ನುಂಗಿಸಿದೆ. ಗುಳ್ಳೆ ಬರಲಿ ಎಂದು ಕಾದೆ. ಗಲ್ಲದ ಮೇಲೆ ಮೊದಲ ಗುಳ್ಳೆ ಎದ್ದ ದಿನ ನಾನು ಭಾವನನ್ನು ಕೂಗಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಂದು ನೋಡಿ ಕೈ ಮುಗಿದರು. ಉಗುರು ಮತ್ತೆ ಬಾತುಕೊಂಡಿತು. ಅಕ್ಕ ಎದ್ದು ಜಗಲಿಗೆ ಬಂದಳು. ನಾವಿಬ್ಬರೂ ಗೆದ್ದವರಂತೆ ಓಡಾಡಿದೆವು.

ಗುಳ್ಳೆ ಬಂತು, ಉಸಿರು ಮಾತ್ರ ಸುಧಾರಿಸಲಿಲ್ಲ. ಕಾಫಿ ಹೂ ಬಿಡುವ ಹೊತ್ತಿಗೆ ತಲೆನೋವು, ವಾಂತಿ. ರೋಗ ಮೆದುಳಿಗೆ ಹೋಗಿತ್ತು. ಗಡ್ಡೆಯ ಚೂರನ್ನು ಮತ್ತೊಮ್ಮೆ ತೆಗೆದು ಪರೀಕ್ಷೆಗೆ ಕಳಿಸಿದರು. ಮಾತ್ರೆಯನ್ನು ತಪ್ಪಿಸಿಕೊಳ್ಳುವ ಹೊಸ ಬದಲಾವಣೆ ಆಗಿದ್ದರೆ ಅದಕ್ಕೂ ಬೇರೆ ಮಾತ್ರೆ ಇರುತ್ತದೆ ಎಂಬ ಆಸೆಯಿಂದ. ಹೊಸ ಬದಲಾವಣೆ ಆಗಿತ್ತು, ಆದರೆ ಮಾತ್ರೆ ಇರುವ ಬಗೆಯದ್ದಲ್ಲ. ಕಿಮೋ ಕೊಟ್ಟರು, ತಲೆಗೆ ರೇಡಿಯೇಷನ್ ಕೊಟ್ಟರು. ಅವಳ ಮೈ ಅದನ್ನು ತಾಳಲಿಲ್ಲ.

ಆಸ್ಪತ್ರೆಯ ಮೆಟ್ಟಿಲಲ್ಲಿ ಡಾಕ್ಟರನ್ನು ತಡೆದು ಕೇಳಿದೆ. ಅವಳು ನಿಲ್ಲಿಸಿದ್ದರಿಂದಲೇ ಹೀಗಾಯಿತಾ ಎಂದು. "ಹೇಳೋಕಾಗಲ್ಲ ಮೇಡಂ. ಬಿಡದೆ ತಗೊಂಡವರಿಗೂ ಇಷ್ಟೇ ಬೇಗ ಆಗಿದ್ದು ನೋಡಿದೀನಿ. ನಿಲ್ಲಿಸಿದ್ದು ಒಳ್ಳೇದಂತೂ ಮಾಡಲಿಲ್ಲ" ಎಂದರು. ಪರೀಕ್ಷೆಯಲ್ಲಿ ಹೀಗೆ ಉತ್ತರ ಬರೆದ ಮಕ್ಕಳಿಗೆ ನಾನು ಸೊನ್ನೆ ಕೊಟ್ಟಿದ್ದೇನೆ. ಆದರೆ ನನಗೆ ಸಿಕ್ಕ ಉತ್ತರ ಅಷ್ಟೇ. ಬೈಯೋಣವೆಂದರೆ ಅಕ್ಕನನ್ನು ಪೂರ್ತಿ ಬೈಯಲಾಗದು, ರೋಗವನ್ನು ಬೈದರೆ ಅದಕ್ಕೆ ಕಿವಿಯಿಲ್ಲ.

ಇನ್ನು ಮಾತ್ರೆ ಬೇಡ ಎಂದು ಬರೆದುಕೊಟ್ಟು ಮನೆಗೆ ಕಳಿಸಿದರು. ಊಟ ಸೇರುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಆದರೆ ಮಾತ್ರೆ ನಿಂತ ಕೆಲವು ವಾರಗಳಿಗೆ ಗುಳ್ಳೆಗಳು ಒಣಗಿದವು. ಉಗುರು ವಾಸಿಯಾಯಿತು. ಒಂದು ಬೆಳಿಗ್ಗೆ ಅವಳು ಕೈಗಳನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿ, "ಈಗ ಆಗ್ತದಲ್ಲಾ?" ಎಂದಳು. ನನಗೆ ಅರ್ಥವಾಗಲಿಲ್ಲ. ಭಾವನಿಗೆ ಆಯಿತು.

ಅವರು ಬಿಸಿನೀರಿನಲ್ಲಿ ಅವಳ ಮೈ ಒರೆಸಿದರು. ಮಡಿಸೀರೆಯನ್ನು ಅವಳ ಮೇಲೆ ಹೊದಿಸಿದರು. ಕಂಚಿನ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ, ನೀರು ಹಾಕಿ ಹಾಸಿಗೆಯ ಪಕ್ಕಕ್ಕೆ ತಂದು, ಅವಳ ಕೈಯನ್ನು ಅದರೊಳಗೆ ಇಳಿಸಿದರು. ಹಾಸಿಗೆಯಲ್ಲಿ ಮಡಿಯೇ ಎಂದು ಯಾರಾದರೂ ಕೇಳಿದ್ದರೆ ನಾನು ಅವರ ಹಲ್ಲು ಉದುರಿಸುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು ಬಹಳ ನಿಧಾನವಾಗಿ ಅಕ್ಕಿ ತೊಳೆದಳು. ಭಾವ ಅದನ್ನೇ ಒಯ್ದು ಬೇಯಿಸಿ ದೇವರಿಗಿಟ್ಟರು. ಅವತ್ತಿನ ಅನ್ನವೂ ಸೀದಿತ್ತು.

ಅವಳು ಹೋದದ್ದು ಆಟಿ ತಿಂಗಳ, ಆಷಾಢದ ಮಳೆಯಲ್ಲಿ, ಬೆಳಿಗ್ಗೆ. ಅವಳೇ ಪಾಯಸ ಮಾಡಿದ ಆ ದಿನ ಬಂದ ತೀರ್ಥವನ್ನು ಭಾವ ದೇವರ ಕೋಣೆಯಿಂದ ತಂದು ಬಾಯಿಗೆ ಬಿಟ್ಟರು. ಸ್ವಲ್ಪ ಒಳಗೆ ಹೋಯಿತು, ಉಳಿದದ್ದು ಕೆನ್ನೆಯ ಮೇಲೆ ಇಳಿಯಿತು. ನಾನು ಸೆರಗಿನಿಂದ ಒರೆಸಿದೆ. ಆಮೇಲೆ ಸೂತಕದವರೆಂದು ಭಾವ ಗುಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ದೇವರ ಪೂಜೆಗೆ ಸೋಮವಾರಪೇಟೆ ಕಡೆಯಿಂದ ಬೇರೊಬ್ಬರು ಬಂದರು. ಅವರು ಬಾಳೆಹಣ್ಣು ಹಾಲು ಇಟ್ಟು ಪೂಜೆ ಮುಗಿಸಿದರು. ಯಾರೂ ಏನೂ ಅನ್ನಲಿಲ್ಲ.

ಊರ ಹೆಂಗಸರು ಛತ್ರಿ ಮಡಿಸಿ ಒಬ್ಬೊಬ್ಬರಾಗಿ ಒಳಗೆ ಬಂದು ಅವಳ ಸುತ್ತ ಕೂತರು. ಅರಿಶಿನ ಹಚ್ಚಿ ಕುಂಕುಮ ಇಟ್ಟಿದ್ದರು.

"ಎಷ್ಟು ಲಕ್ಷಣವಾಗಿ ಕಾಣ್ತಾರೆ ನೋಡಿ" ಎಂದಳು ಪಕ್ಕದ ತೋಟದವಳು, ಕಣ್ಣೊರೆಸಿಕೊಂಡು. "ಅಷ್ಟು ಕಾಯಿಲೆ ಆಗಿತ್ತು ಅಂತ ಯಾರು ಹೇಳ್ತಾರೆ? ಮುಖದಲ್ಲಿ ಒಂದು ಕಲೆ ಇಲ್ಲ."

ಎಲ್ಲರೂ ಹೌದು ಹೌದು ಎಂದರು. ನಾನು ದೀಪವನ್ನು ಹತ್ತಿರ ಸರಿಸಿ, ಬಗ್ಗಿ, ಆ ಮುಖದ ಮೇಲೆ ಎಲ್ಲಾದರೂ ಒಂದು ಗುಳ್ಳೆ ಇದೆಯೇ ಎಂದು ಹುಡುಕುತ್ತಿದ್ದೆ.